ಡಬ್ಲಿನ್ ನಗರದ ‘ಮರದ ದಕ್ಕೆ’ ಮತ್ತು ಮಧ್ಯಯುಗದ ಮಡಕೆ ಚೂರುಗಳು

ಐರ್ಲೆಂಡಿನ ರಾಜಧಾನಿ ಡಬ್ಲಿನ್ ಲಿಫಿ ನದಿಯ ದಡದಲ್ಲಿರುವ ನಗರ. ನದಿಯ ದಕ್ಷಿಣ ದಂಡೆಯ ಒಂದು ಸ್ಥಳಕ್ಕೆ ‘ವುಡ್ ಕೀ’ ಎಂದು ಹೆಸರು. ನಮ್ಮ ಕರಾವಳಿಯ ಮಾತಿನಲ್ಲಿ ಅದನ್ನು ‘ಮರದ ದಕ್ಕೆ’ ಎನ್ನಬಹುದು. ನಗರಾಡಳಿತದ ಕಚೇರಿಗಳನ್ನು ಕಟ್ಟಲು 1970ರ ದಶಕದಲ್ಲಿ ಇಲ್ಲಿ ನೆಲವನ್ನು ಅಗೆದಾಗ ವೈಕಿಂಗರ ಹಾಗೂ ಅವರ ನಂತರದ ಮಧ್ಯಯುಗದ ಪಟ್ಟಣವೇ ಬೆಳಕಿಗೆ ಬಂದಿತು. ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವು 1974ರಿಂದ 1981ರವರೆಗೆ ಇಲ್ಲಿ ಉತ್ಖನನ ನಡೆಸಿತು.

ಸ್ತರಗಳ ರಚನೆ

ಸುಮಾರು 1200ರ ಹೊತ್ತಿಗೆ ಡಬ್ಲಿನ್ನಿನ ಜನರು ನದಿಯೊಳಕ್ಕೆ ನೆಲವನ್ನು ವಿಸ್ತರಿಸತೊಡಗಿದ್ದರು. ಓಕ್ ಮರದ ತೊಲೆಗಳಿಂದ ತಡೆಗೋಡೆ ಕಟ್ಟಿ, ಅದರ ಹಿಂಬದಿಯನ್ನು ಮಣ್ಣಿನಿಂದಲೂ ಪಟ್ಟಣದ ಕಸದಿಂದಲೂ ತುಂಬುತ್ತಿದ್ದರು. ಒಡೆದ ಮಡಕೆಗಳು ಈ ಕಸದೊಡನೆ ಅಲ್ಲಿಗೆ ಸೇರಿದವು. ತೇವದ ಮಣ್ಣಿಗೆ ಗಾಳಿ ತಾಗದಿದ್ದುದರಿಂದ ಮರ, ಚರ್ಮಗಳೂ ಕೊಳೆಯದೆ ಉಳಿದವು. ತೊಲೆಗಳಲ್ಲಿರುವ ವರ್ಷದ ಉಂಗುರಗಳನ್ನು ಎಣಿಸಿ ಹೋಲಿಸಿದರೆ ಮರ ಕಡಿದ ಕಾಲ ತಿಳಿಯುತ್ತದೆ. ಅದರ ಆಧಾರದಿಂದ ಪಕ್ಕದ ಚೂರುಗಳ ಕಾಲವನ್ನೂ ಅಂದಾಜು ಮಾಡಬಹುದು.

ಚೂರುಗಳು ಹೇಳುವ ಸಂಗತಿ

ವೈಕಿಂಗರ ಡಬ್ಲಿನ್ನಿನಲ್ಲಿ ಮರದ ಪಾತ್ರೆಗಳೇ ಹೆಚ್ಚು, ಮಡಕೆಗಳ ಬಳಕೆ ವಿರಳ. 1170ರಲ್ಲಿ ಆಂಗ್ಲೋ-ನಾರ್ಮನ್ನರು ನಗರವನ್ನು ವಶಪಡಿಸಿಕೊಂಡರು. ಅದಾದ ಸ್ವಲ್ಪ ಸಮಯದಲ್ಲೇ ದೊರೆ ಎರಡನೆಯ ಹೆನ್ರಿಯು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದವರಿಗೆ ಡಬ್ಲಿನ್ನನ್ನು ಸನದಿನ ಮೂಲಕ ನೀಡಿದನು. ಬ್ರಿಸ್ಟಲ್ ಸಮೀಪದ ಹ್ಯಾಮ್ ಗ್ರೀನ್‌ನಲ್ಲಿ ತಯಾರಾದ ಹೂಜಿಗಳ ಚೂರುಗಳು ಡಬ್ಲಿನ್ನಿನ ಮಣ್ಣಿನಲ್ಲಿ ದೊರೆತಿವೆ. ಸನದು ಅರಮನೆಯ ಮಾತನ್ನು ಹೇಳಿದರೆ, ಆ ನಂಟು ಸಾಮಾನ್ಯರ ಅಡುಗೆಮನೆಯವರೆಗೂ ತಲುಪಿತ್ತೆಂಬುದನ್ನು ಚೂರುಗಳು ತಿಳಿಸುತ್ತವೆ. ನೈಋತ್ಯ ಫ್ರಾನ್ಸಿನ ಸೈಂತೋಂಜ್ ಪ್ರಾಂತದ ಹಸಿರು ಮೆರುಗಿನ ಹೂಜಿಗಳು ಬೋರ್ಡೊ ಬಂದರಿನ ದ್ರಾಕ್ಷಾರಸದ ವ್ಯಾಪಾರದೊಡನೆ ಇಲ್ಲಿಗೆ ಬಂದವು. ಕಾಲಕ್ರಮದಲ್ಲಿ ಸ್ಥಳೀಯ ಕುಂಬಾರಿಕೆಯೂ ಬೆಳೆಯಿತು.

ಜನರ ಹೋರಾಟ

ಕಟ್ಟಡದ ಕೆಲಸ ಮುಂದುವರಿದರೆ ಈ ಸ್ತರಗಳು ಶಾಶ್ವತವಾಗಿ ನಾಶವಾಗುವುದು ಖಚಿತವಿತ್ತು. ಇತಿಹಾಸದ ಪ್ರಾಧ್ಯಾಪಕ ಎಫ್. ಎಕ್ಸ್. ಮಾರ್ಟಿನ್ ಅವರ ಮುಂದಾಳುತನದಲ್ಲಿ ವಿಷಯವು ನ್ಯಾಯಾಲಯಕ್ಕೆ ಹೋಯಿತು. 1978ರಲ್ಲಿ ಹೈಕೋರ್ಟು ಈ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಮಾರು 20,000 ಜನರು ಮೆರವಣಿಗೆ ನಡೆಸಿದರು. 1979ರಲ್ಲಿ ಪ್ರತಿಭಟನಕಾರರು ಸ್ಥಳದಲ್ಲೇ ಬೀಡುಬಿಟ್ಟರು. ಆದರೆ ಸಂಬಂಧಪಟ್ಟ ಅಧಿಕಾರಿಗಳ ಒಪ್ಪಿಗೆಯಿದ್ದಲ್ಲಿ ಸ್ಮಾರಕವನ್ನು ತೆರವುಗೊಳಿಸಲು ಅಂದಿನ ಕಾನೂನಿನಲ್ಲೇ ಅವಕಾಶವಿತ್ತು. ಹೋರಾಟದಿಂದ ಉತ್ಖನನಕ್ಕೆ ಹೆಚ್ಚಿನ ಕಾಲಾವಕಾಶ ಸಿಕ್ಕಿತು, ಕಟ್ಟಡವನ್ನು ತಡೆಯಲಾಗಲಿಲ್ಲ.

ಉಳಿದದ್ದು

ಸುಮಾರು 1100ರ ಕಲ್ಲಿನ ಕೋಟೆಗೋಡೆಯ ಒಂದು ಭಾಗವು ಅದೇ ಕಚೇರಿ ಕಟ್ಟಡದ ನೆಲಮಾಳಿಗೆಯಲ್ಲಿ ಉಳಿದಿದೆ. ಮಡಕೆ ಚೂರಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಅದರ ಬೆಲೆಯೆಲ್ಲ ಅದು ಬಿದ್ದಿದ್ದ ಜಾಗದಲ್ಲಿದೆ. ಸ್ತರವನ್ನು ದಾಖಲಿಸದೆ ಎತ್ತಿದ ಚೂರು ಕೇವಲ ಹೆಂಚಿನ ತುಂಡಿಗೆ ಸಮಾನ. ಅಡಿಪಾಯಕ್ಕೆ ನೆಲ ಅಗೆಯುವ ಯಾವ ನದೀತೀರದ ನಗರಕ್ಕೂ ಈ ಮಾತು ಅನ್ವಯಿಸುತ್ತದೆ ಎಂದು ನಾವು ಭಾವಿಸುತ್ತೇವೆ.