ಮಿತ ವೆಚ್ಚದ ಮನೆ ಕಂಪ್ಯೂಟರ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಸಾಮಾನ್ಯ ಕುಟುಂಬವೊಂದು ಮನೆಯ ಕಂಪ್ಯೂಟರಿನಿಂದ ನಿರೀಕ್ಷಿಸುವ ಕೆಲಸಗಳು ಬಹಳವೇನಲ್ಲ. ಮಕ್ಕಳ ಪಾಠ ಮತ್ತು ಪ್ರಾಜೆಕ್ಟ್ ವರದಿ, ಬ್ಯಾಂಕ್ ವ್ಯವಹಾರ, ಆದಾಯ ತೆರಿಗೆ ವಿವರ ಸಲ್ಲಿಕೆ, ಕಾಲೇಜು ಮತ್ತು ಉದ್ಯೋಗದ ಅರ್ಜಿಗಳು, ಕನ್ನಡದಲ್ಲಿ ಒಂದಿಷ್ಟು ಬರವಣಿಗೆ, ಕುಟುಂಬದ ಛಾಯಾಚಿತ್ರಗಳ ಸಂಗ್ರಹ, ಬಿಡುವಿನಲ್ಲಿ ಒಂದು ಚಲನಚಿತ್ರ. ಇವುಗಳಲ್ಲಿ ಹಲವನ್ನು ಮೊಬೈಲ್ ಫೋನಿನಲ್ಲೂ ಮಾಡಬಹುದಾದರೂ ದೀರ್ಘ ಅರ್ಜಿ ತುಂಬುವಾಗ, ಹತ್ತು ಪುಟಗಳ ವರದಿ ಸಿದ್ಧಪಡಿಸುವಾಗ ದೊಡ್ಡ ಪರದೆ ಮತ್ತು ಕೀಲಿಮಣೆಯ ಅಗತ್ಯ ಅರಿವಾಗುತ್ತದೆ. ಊರಿಂದೂರಿಗೆ ಒಯ್ಯುವ ಅಗತ್ಯವಿಲ್ಲದಿದ್ದರೆ ಲ್ಯಾಪ್‌ಟಾಪಿಗಿಂತ ಡೆಸ್ಕ್‌ಟಾಪ್ ಲಾಭದಾಯಕ. ಕೀಲಿಮಣೆ ಕೆಟ್ಟರೆ ಕೀಲಿಮಣೆಯನ್ನಷ್ಟೇ, ಪರದೆ ಕೆಟ್ಟರೆ ಪರದೆಯನ್ನಷ್ಟೇ ಬದಲಿಸಿ ಹಲವು ವರ್ಷ ಬಳಸಬಹುದು.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು 'ಐ5', 'ಐ7' ಎಂಬ ಹೆಸರುಗಳು. ಆದರೆ ಕಡಿಮೆ ಹಣದಲ್ಲಿ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದೇ ಇದೆ: ಯಾವ ಭಾಗವನ್ನು ಮುಂದೆ ಸುಲಭವಾಗಿ ಬದಲಿಸಬಹುದು, ಯಾವುದನ್ನು ಸಾಧ್ಯವಿಲ್ಲ? ಮೆಮೊರಿಯನ್ನು ಮುಂದಿನ ವರ್ಷ ಹೆಚ್ಚಿಸಬಹುದು, ಸಂಗ್ರಹವನ್ನೂ ಹೆಚ್ಚಿಸಬಹುದು. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಹಳತಾಗಿದ್ದರೆ ಮಾತ್ರ ಇಡೀ ಯಂತ್ರವನ್ನೇ ಬದಲಿಸಬೇಕಾಗುತ್ತದೆ. ಆದ್ದರಿಂದ ಬದಲಿಸಲಾಗದ ಭಾಗದ ವಿಷಯದಲ್ಲಿ ರಾಜಿ ಕೂಡದು. ಬದಲಿಸಬಹುದಾದ ಭಾಗಗಳಲ್ಲಿ ಉಳಿತಾಯಕ್ಕೆ ಅವಕಾಶವಿದೆ.

ವಿಂಡೋಸ್ 10 ಮುಗಿದ ನಂತರ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಪರಿಷ್ಕರಣೆಗಳನ್ನು ಮತ್ತೊಂದು ವರ್ಷ ಒದಗಿಸುವ ಯೋಜನೆಯನ್ನು 2024ರಲ್ಲೇ ಪ್ರಕಟಿಸಿತ್ತಾದರೂ, ಹೊಸದಾಗಿ ಹಣ ಹಾಕುವವರು ಅದನ್ನು ನಂಬಿ ಯಂತ್ರ ಕೊಳ್ಳುವುದು ತರವಲ್ಲ. ಪರಿಷ್ಕರಣೆ ನಿಂತ ಯಂತ್ರ ಮರುದಿನವೇ ಸ್ಥಗಿತಗೊಳ್ಳುವುದಿಲ್ಲ. ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಅಪಾಯವಿರುವುದೂ ಅಲ್ಲಿಯೇ. ಹೊಸದಾಗಿ ಪತ್ತೆಯಾದ ಭದ್ರತಾ ಲೋಪಗಳು ಮುಚ್ಚದೆ ಉಳಿಯುತ್ತವೆ, ಅದೇ ಯಂತ್ರದಲ್ಲಿ ಮನೆಯವರು ಬ್ಯಾಂಕಿನ ಪಾಸ್‌ವರ್ಡ್ ನಮೂದಿಸುತ್ತಿರುತ್ತಾರೆ.

ವಿಂಡೋಸ್ 11 ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ. ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಹಾಗೂ ಮಾನ್ಯತೆ ಪಡೆದ ಪ್ರೊಸೆಸರ್ ಇರಬೇಕೆಂಬುದು ಮೈಕ್ರೋಸಾಫ್ಟ್‌ನ ನಿಯಮ. ಇಂಟೆಲ್‌ನ ಕೋರ್ ಶ್ರೇಣಿಯಲ್ಲಿ ಸ್ಥೂಲವಾಗಿ 8ನೇ ತಲೆಮಾರು ಮತ್ತು ಅನಂತರದವು ಈ ಮಾನ್ಯತೆಯ ಪಟ್ಟಿಯಲ್ಲಿವೆ. ಎಎಂಡಿಯ ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 3000 ಸರಣಿಯಿಂದ ಮುಂದಿನವನ್ನು ಆರಿಸಿಕೊಂಡರೆ ಗೊಂದಲವಿರುವುದಿಲ್ಲ.

ಹೆಸರಿನೊಳಗಿನ ಅಂಕಿ

ಇಂಟೆಲ್ ಕೋರ್ ಪ್ರೊಸೆಸರಿನ ತಲೆಮಾರನ್ನು ಗುರುತಿಸುವುದು ಕಷ್ಟವೇನಲ್ಲ. ಹೆಸರಿನ ಕೊನೆಯ ಮೂರು ಅಂಕಿಗಳನ್ನು ಬಿಟ್ಟು ಮುಂದಿರುವುದನ್ನು ಓದಿದರೆ ಸಾಕು. 'ಐ7 2600' ಎಂದರೆ 2ನೇ ತಲೆಮಾರು. ಅದು 2011ರ ಉತ್ಪನ್ನ. 'ಐ5 3470' 3ನೇ ತಲೆಮಾರು, 'ಐ5 8500' 8ನೇ ತಲೆಮಾರು, 'ಐ3 12100' 12ನೇ ತಲೆಮಾರು. ಐ7 ಎಂಬ ಹೆಸರಿದ್ದ ಮಾತ್ರಕ್ಕೆ 2011ರ ಪ್ರೊಸೆಸರ್ 2022ರಲ್ಲಿ ಬಂದ ಐ3 12100ಕ್ಕಿಂತ ಉತ್ತಮವಾಗುವುದಿಲ್ಲ; ವೇಗದಲ್ಲೂ ಬಾಳಿಕೆಯಲ್ಲೂ ಎರಡನೆಯದೇ ಮೇಲು. 2023ರ ಕೊನೆಯಿಂದ ಇಂಟೆಲ್ 'ಕೋರ್ ಅಲ್ಟ್ರಾ' ಎಂಬ ಹೊಸ ಹೆಸರಿನ ಪದ್ಧತಿಯನ್ನೂ ಆರಂಭಿಸಿದೆ. ಅವುಗಳಿಗೆ ಈ ಲೆಕ್ಕ ಅನ್ವಯಿಸದು.

ಹೆಸರಿನ ಕೊನೆಯ ಅಕ್ಷರಕ್ಕೂ ಅರ್ಥವಿದೆ. ಇಂಟೆಲ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಪರದೆಯಲ್ಲಿ ಚಿತ್ರ ಮೂಡಬೇಕಾದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ರೈಜನ್ 5 5600ರ ಸ್ಥಿತಿಯೂ ಇದೇ. 'ಜಿ' ಅಕ್ಷರವುಳ್ಳ ರೈಜನ್ 5 5600ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಅಡಕವಾಗಿದೆ. ಎಫ್ ಮಾದರಿಯ ಬೆಲೆ ತುಸು ಕಡಿಮೆಯೆಂದು ಕೊಂಡವರು ಕಾರ್ಡಿಗಾಗಿ ಅದಕ್ಕಿಂತ ಹೆಚ್ಚು ತೆರಬೇಕಾದೀತು. ಆಟಗಳ ಅಥವಾ ವಿಡಿಯೊ ಸಂಕಲನದ ಉದ್ದೇಶವಿಲ್ಲದ ಮನೆಗೆ ಪ್ರತ್ಯೇಕ ಕಾರ್ಡ್ ಬೇಕಿಲ್ಲ.

ಹಳೆಯ ಯಂತ್ರ, ಹೊಸ ಹೊದಿಕೆ

ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳನ್ನು ಶುಚಿಗೊಳಿಸಿ, ಪರೀಕ್ಷಿಸಿ ಮಾರುವ ವ್ಯಾಪಾರ ನಗರಗಳಲ್ಲಿ ವ್ಯಾಪಕವಾಗಿದೆ. ಇದು ತಪ್ಪು ಆಯ್ಕೆಯಲ್ಲ. ಕಚೇರಿ ಬಳಕೆಗೆಂದು ತಯಾರಾದ ಯಂತ್ರಗಳು ಗಟ್ಟಿಮುಟ್ಟಾಗಿರುತ್ತವೆ. 8ನೇ ತಲೆಮಾರಿನ ಐ5, 8 ಜಿಬಿ ಮೆಮೊರಿ ಮತ್ತು ಎಸ್‌ಎಸ್‌ಡಿ ಇರುವ ಇಂತಹ ಯಂತ್ರ ಮನೆಯ ಕೆಲಸಗಳಿಗೆ ಧಾರಾಳವಾಗಿ ಸಾಕು.

ಎಚ್ಚರ ಬೇಕಾದುದು ಇನ್ನೂ ಹಳೆಯ ಯಂತ್ರಗಳ ವಿಷಯದಲ್ಲಿ. ಹೊಳೆಯುವ ಹೊಸ ಕ್ಯಾಬಿನೆಟ್, ಹೊಸ ಕೀಲಿಮಣೆ, ಒಳಗೆ 3 ಅಥವಾ 4ನೇ ತಲೆಮಾರಿನ ಪ್ರೊಸೆಸರ್: 'ಐ5, 16 ಜಿಬಿ' ಎಂಬ ಜಾಹೀರಾತಿನ ಹಿಂದೆ ಇಂತಹ ಜೋಡಣೆಯೂ ಇರಬಹುದು. ಮಾನ್ಯತೆಯಿಲ್ಲದ ಯಂತ್ರದಲ್ಲೂ ನಿಯಮವನ್ನು ಬಳಸುದಾರಿಯಿಂದ ತಪ್ಪಿಸಿ ವಿಂಡೋಸ್ 11 ಅಳವಡಿಸಲು ಸಾಧ್ಯವಿದೆ. ಆದರೆ ಅಂತಹ ಯಂತ್ರಗಳಿಗೆ ಪರಿಷ್ಕರಣೆಯ ಖಾತರಿಯಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಿದೆ. ಆದ್ದರಿಂದ ಪರದೆಯ ಮೇಲೆ ವಿಂಡೋಸ್ 11 ಕಾಣುತ್ತಿದೆ ಎಂಬುದೇ ಅರ್ಹತೆಗೆ ಪುರಾವೆಯಾಗುವುದಿಲ್ಲ.

ಪರಿಶೀಲನೆ ಎರಡು ನಿಮಿಷದ ಕೆಲಸ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ 'ಪರ್ಫಾರ್ಮೆನ್ಸ್' ವಿಭಾಗದಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ಮೆಮೊರಿಯ ಪ್ರಮಾಣ, ಡಿಸ್ಕ್ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಎಂಬುದು ತಿಳಿಯುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ 'ಪಿಸಿ ಹೆಲ್ತ್ ಚೆಕ್' ತಂತ್ರಾಂಶವು ಯಂತ್ರದ ಅರ್ಹತೆಯನ್ನು ನೇರವಾಗಿ ಹೇಳುತ್ತದೆ. ಹಣ ನೀಡುವ ಮೊದಲು ಅಂಗಡಿಯಲ್ಲೇ ಇವೆರಡನ್ನೂ ನೋಡಬೇಕು.

ಮೆಮೊರಿ ಮತ್ತು ಸಂಗ್ರಹ

ನಿಗದಿತ ಕನಿಷ್ಠ ಮೆಮೊರಿ 4 ಜಿಬಿಯಾದರೂ ಬ್ರೌಸರಿನಲ್ಲಿ ನಾಲ್ಕಾರು ಪುಟ ತೆರೆದೊಡನೆ ಅದು ಸಾಲದಾಗುತ್ತದೆ. 8 ಜಿಬಿಯನ್ನು ಆರಂಭದ ಮಿತಿಯೆಂದು ಭಾವಿಸುವುದು ಸೂಕ್ತ. ಮದರ್‌ಬೋರ್ಡಿನಲ್ಲಿ ಎರಡು ಸ್ಲಾಟ್‌ಗಳಿದ್ದು, 8 ಜಿಬಿಯ ಒಂದೇ ಪಟ್ಟಿ ಹಾಕಿಸಿದರೆ ಇನ್ನೊಂದು ಸ್ಲಾಟ್ ಮುಂದಿನ ಅಗತ್ಯಕ್ಕೆ ಉಳಿಯುತ್ತದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಪಟ್ಟಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹೊಸದಾಗಿ ಕೊಳ್ಳುವಾಗ ಡಿಡಿಆರ್3 ಇರುವ ಯಂತ್ರವನ್ನು ಬಿಡುವುದೇ ಲೇಸು.

ಕೃತಕ ಬುದ್ಧಿಮತ್ತೆಗಾಗಿ ಬೃಹತ್ ದತ್ತಾಂಶ ಕೇಂದ್ರಗಳ ನಿರ್ಮಾಣ ಹೆಚ್ಚಿದ ಕಾರಣ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಹಳೆಯ ದರಪಟ್ಟಿಯನ್ನು ನಂಬಿ ಅಂಗಡಿಗೆ ಹೋದವರ ಲೆಕ್ಕ ತಲೆಕೆಳಗಾಗಬಹುದು. ಒಂದೇ ದಿನ ಮೂರು ಕಡೆ ಲಿಖಿತ ದರ ಪಡೆದು ಹೋಲಿಸುವುದು ಒಳ್ಳೆಯದು.

ಸಂಗ್ರಹದಲ್ಲಿ ಎಸ್‌ಎಸ್‌ಡಿಗೆ ಪರ್ಯಾಯವಿಲ್ಲ. ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕ್ ಪ್ರತಿ ಕಡತಕ್ಕೂ ಅದರ ಜಾಗವನ್ನು ಹುಡುಕಿ ಸರಿಯಬೇಕು. ಚಿಪ್‌ಗಳಿಂದಾದ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಯಂತ್ರ ತೆರೆದುಕೊಳ್ಳುವ ಸಮಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮಿತ ಬಳಕೆಗೆ 256 ಜಿಬಿ ಸಾಕು. ಬೆಲೆಯ ಅಂತರ ಕಡಿಮೆಯಿದ್ದರೆ 512 ಜಿಬಿ ಆರಿಸಬಹುದು. ಛಾಯಾಚಿತ್ರ ಮತ್ತು ಮುಖ್ಯ ದಾಖಲೆಗಳ ಇನ್ನೊಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಡುವುದು ಅಗತ್ಯ. ಎಸ್‌ಎಸ್‌ಡಿಯೂ ಒಂದು ದಿನ ಕೆಡಬಹುದು. ಕೆಟ್ಟಾಗ ಅದರೊಳಗಿನ ಮಾಹಿತಿಯನ್ನು ಮರಳಿ ಪಡೆಯುವುದು ಬಲು ಕಷ್ಟ.

ಮಿನಿ ಪಿಸಿ, ಜೋಡಣೆ, ಬ್ರಾಂಡ್

ಅಂಗೈಯಗಲದ ಮಿನಿ ಪಿಸಿಗಳು ಈಗ ಮತ್ತೊಂದು ಆಯ್ಕೆ. ಇವುಗಳಲ್ಲಿ ಕಂಡುಬರುವ, 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರ್ ನಾಲ್ಕು ಕೋರ್‌ಗಳನ್ನು ಹೊಂದಿದ್ದು, ಅದರ ನಿಗದಿತ ವಿದ್ಯುತ್ ಮಟ್ಟ ಕೇವಲ 6 ವ್ಯಾಟ್. ಅಂತರ್ಜಾಲ, ಬರವಣಿಗೆ, ಚಲನಚಿತ್ರ ವೀಕ್ಷಣೆಗೆ ಇದು ಸಾಕಾಗುತ್ತದೆ. ಆದರೆ ಮೆಮೊರಿಗೆ ಸಾಮಾನ್ಯವಾಗಿ ಒಂದೇ ಸ್ಲಾಟ್ ಇರುವುದರಿಂದ ಆರಂಭದಲ್ಲೇ ಬೇಕಾದಷ್ಟು ಹಾಕಿಸುವುದು ಉತ್ತಮ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಬಿಡಿಭಾಗ ಆರಿಸಿ ಜೋಡಿಸಿಕೊಂಡರೆ ಪ್ರತಿ ಭಾಗದ ಮೇಲೂ ಹಿಡಿತವಿರುತ್ತದೆ, ಮುಂದೆ ವಿಸ್ತರಿಸುವುದೂ ಸುಲಭ. ಕೆಟ್ಟಾಗ ಮಾತ್ರ ಯಾವ ಭಾಗವೆಂದು ಪತ್ತೆಹಚ್ಚಿ, ಆಯಾ ತಯಾರಕರ ಸೇವಾ ಕೇಂದ್ರಕ್ಕೆ ಒಯ್ಯಬೇಕು. ಬ್ರಾಂಡೆಡ್ ಯಂತ್ರಕ್ಕೆ ಒಂದೇ ವಾರಂಟಿ. ದೂರದ ಊರಿನಲ್ಲಿರುವವರು, ತಾಂತ್ರಿಕ ಪರಿಚಯವಿಲ್ಲದ ಹಿರಿಯರು ತುಸು ಹೆಚ್ಚು ತೆತ್ತಾದರೂ ಮನೆಗೇ ಬಂದು ದುರಸ್ತಿ ಮಾಡುವ ವಾರಂಟಿ ಆರಿಸುವುದು ನೆಮ್ಮದಿ.

ಮರೆತುಹೋಗುವ ಖರ್ಚುಗಳು

ಜಾಹೀರಾತಿನ ಬೆಲೆಯಲ್ಲಿ ಸೇರದಿರುವ ಭಾಗಗಳೇ ಲೆಕ್ಕವನ್ನು ಕೆಡಿಸುತ್ತವೆ. ಲ್ಯಾಪ್‌ಟಾಪಿನಲ್ಲಿರುವ ಕ್ಯಾಮೆರಾ, ಮೈಕ್, ಸ್ಪೀಕರ್ ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ. ಆನ್‌ಲೈನ್ ಪಾಠಕ್ಕೆ ಇವು ಬೇಕು. ಅಗ್ಗದ ಅನೇಕ ಮದರ್‌ಬೋರ್ಡ್‌ಗಳಲ್ಲಿ ವೈಫೈ ಇಲ್ಲ. ರೌಟರ್ ಬೇರೆ ಕೋಣೆಯಲ್ಲಿದ್ದರೆ ಯುಎಸ್‌ಬಿ ವೈಫೈ ಸಾಧನ ಕೊಳ್ಳಬೇಕು.

ಪರದೆ ದಿನವೂ ಕಣ್ಣೆದುರಿಗಿರುವ ಭಾಗ. 22ರಿಂದ 24 ಅಂಗುಲದ, 1920x1080 ಸ್ಪಷ್ಟತೆಯ ಐಪಿಎಸ್ ಪರದೆ ಮನೆಗೆ ಯೋಗ್ಯ. ಪಕ್ಕದಿಂದ ನೋಡಿದಾಗಲೂ ಇದರ ಬಣ್ಣ ಮಾಸುವುದಿಲ್ಲ. ಯಂತ್ರ ಬದಲಾದರೂ ಉತ್ತಮ ಪರದೆ ಉಳಿದು ಬರುತ್ತದೆ.

ವಿದ್ಯುತ್ ಕೈಕೊಡುವ ಊರುಗಳಲ್ಲಿ ಯುಪಿಎಸ್ ಅನಿವಾರ್ಯ. 600 ವಿಎ ಸಾಮರ್ಥ್ಯದ್ದು ಕೆಲಸ ಉಳಿಸಿ ಯಂತ್ರ ಮುಚ್ಚುವಷ್ಟು ಸಮಯ ಕೊಡುತ್ತದೆ. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಕೆಟ್ಟರೆ ಮದರ್‌ಬೋರ್ಡನ್ನೂ ಹಾಳುಮಾಡಬಹುದಾದ್ದರಿಂದ ಅಲ್ಲಿ ಉಳಿತಾಯ ಸಲ್ಲದು. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ಹೊತ್ತಿನಲ್ಲಿ ವಿದ್ಯುತ್ ಪ್ಲಗ್ಗಿನೊಂದಿಗೆ ಇಂಟರ್ನೆಟ್ ಕೇಬಲ್ಲನ್ನೂ ಕಳಚಿಡುವುದು ಕ್ಷೇಮ.

ವಿದ್ಯುತ್ ಬಳಕೆಯ ಲೆಕ್ಕ ಸರಳ. ಪರದೆಯೂ ಸೇರಿ 80 ವ್ಯಾಟ್ ಬಳಸುವ ಯಂತ್ರ ದಿನಕ್ಕೆ 5 ಗಂಟೆ ನಡೆದರೆ ತಿಂಗಳಿಗೆ 12 ಯೂನಿಟ್. 40 ವ್ಯಾಟಿನ ವ್ಯವಸ್ಥೆಯಾದರೆ 6 ಯೂನಿಟ್.

ತಂತ್ರಾಂಶ ಮತ್ತು ಕನ್ನಡ

'ವಿಂಡೋಸ್ ಹಾಕಿಕೊಡುತ್ತೇವೆ' ಎಂಬ ಮಾತಿಗೂ ಪರವಾನಗಿ ಸಹಿತ ವಿಂಡೋಸ್‌ಗೂ ವ್ಯತ್ಯಾಸವಿದೆ. ಪರವಾನಗಿಯ ಬೆಲೆ ಸೇರಿದೆಯೇ ಎಂದು ರಸೀದಿಯಲ್ಲೇ ಖಚಿತಪಡಿಸಿಕೊಳ್ಳಬೇಕು. ಆ ವೆಚ್ಚ ಭಾರವೆನಿಸಿದರೆ ನಕಲಿ ಪ್ರತಿಗಿಂತ ಉಚಿತವಾದ ಲಿನಕ್ಸ್ ಮೇಲು. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04 ಆವೃತ್ತಿಗೆ 2029ರವರೆಗೆ ಸಾಮಾನ್ಯ ಬೆಂಬಲವಿದೆ. ಮನೆಯಲ್ಲಿ ಈಗಾಗಲೇ ಇರುವ, ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರವನ್ನು ಎಸೆಯದೆ ಇನ್ನಷ್ಟು ಕಾಲ ಸುರಕ್ಷಿತವಾಗಿ ಬಳಸಲೂ ಇದೊಂದು ದಾರಿ. ಪತ್ರ ಮತ್ತು ಲೆಕ್ಕಪತ್ರಗಳಿಗೆ ಲಿಬ್ರೆ ಆಫೀಸ್ ಎರಡು ವ್ಯವಸ್ಥೆಗಳಲ್ಲೂ ಉಚಿತವಾಗಿ ದೊರೆಯುತ್ತದೆ. ಆದರೆ ಕೆಲಸಕ್ಕೆ ಬೇಕಾದ ನಿರ್ದಿಷ್ಟ ತಂತ್ರಾಂಶ ಅಥವಾ ಮುದ್ರಕ ಲಿನಕ್ಸ್‌ನಲ್ಲಿ ನಡೆಯುವುದೇ ಎಂದು ಮೊದಲೇ ವಿಚಾರಿಸಬೇಕು.

ಕನ್ನಡ ಬರೆಯಲು ಹೆಚ್ಚಿನ ಖರ್ಚಿಲ್ಲ. ವಿಂಡೋಸ್ 11ರಲ್ಲಿ ಕನ್ನಡ ಕೀಲಿಮಣೆಯನ್ನು ಸೆಟ್ಟಿಂಗ್ಸ್ ಮೂಲಕ ಸೇರಿಸಿಕೊಳ್ಳಬಹುದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಲಭ್ಯ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳಿದ್ದರೆ ಯಂತ್ರ ಬದಲಿಸುವ ಮೊದಲೇ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಜಾಣತನ.

ರಸೀದಿಯಲ್ಲಿ ಇರಬೇಕಾದುದು

ಜಿಎಸ್‌ಟಿ ಸಹಿತ ರಸೀದಿಯಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ, ಎಸ್‌ಎಸ್‌ಡಿಗಳ ಮಾದರಿ ಹೆಸರು, ಕ್ರಮಸಂಖ್ಯೆ, ಪ್ರತಿಯೊಂದರ ವಾರಂಟಿ ಅವಧಿ ನಮೂದಾಗಿರಬೇಕು. ಬಳಸಿದ ಯಂತ್ರವಾದರೆ ಅದನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಬರಿಯ 'ಐ5 ಕಂಪ್ಯೂಟರ್' ಎಂಬ ಒಂದು ಸಾಲು ಮುಂದೆ ಯಾವ ಹಕ್ಕನ್ನೂ ಸಾಧಿಸಲು ನೆರವಾಗದು. ಹೇಳಿದ್ದೊಂದು ಕೊಟ್ಟದ್ದೊಂದು ಆಗಿ, ಮಾರಾಟಗಾರರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಹಣ ಕಡಿಮೆ ಬಿದ್ದಾಗ ಕಡಿತದ ಕ್ರಮವೂ ಹೀಗೆಯೇ ಇರಬೇಕು. ಮೊದಲು ಅಲಂಕಾರದ ದೀಪಗಳ ಕ್ಯಾಬಿನೆಟ್, ಬಳಿಕ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಬಳಿಕ ಐ5ರ ಬದಲು ಅದೇ ತಲೆಮಾರಿನ ಐ3, ಕೊನೆಯಲ್ಲಿ 512ರ ಬದಲು 256 ಜಿಬಿ ಎಸ್‌ಎಸ್‌ಡಿ. ಪ್ರೊಸೆಸರಿನ ತಲೆಮಾರು, ಎಸ್‌ಎಂಪಿಎಸ್‌ನ ಗುಣಮಟ್ಟ, ಸಮರ್ಪಕ ರಸೀದಿ ಈ ಮೂರನ್ನು ಮಾತ್ರ ಯಾವ ರಿಯಾಯಿತಿಗೂ ಬಿಟ್ಟುಕೊಡಬಾರದು.