ತಿಮ್ಮಯ್ಯನವರು ಕಂಡ ಕೊರಿಯಾ

ಕೊಡಗಿನ ಜನರಲ್ ತಿಮ್ಮಯ್ಯ ಎಂದರೆ ಎಲ್ಲರಿಗೂ 1948ರ ಜೋಜಿಲಾ ನೆನಪು. ನನ್ನನ್ನು ಕಾಡುವುದು ಕೊರಿಯಾ.

1953ರಲ್ಲಿ ಅಲ್ಲಿ ಯುದ್ಧ ನಿಂತಾಗ, ವಾಪಸ್ ಹೋಗಲೊಲ್ಲದ ಸುಮಾರು 22,600 ಚೀನೀ, ಉತ್ತರ ಕೊರಿಯಾ ಪಡೆಗಳ ಕೈದಿಗಳನ್ನು ಭಾರತೀಯ ಸೈನಿಕರ ಕಾವಲಿಗೆ ಒಪ್ಪಿಸಿದರು. ಐದು ದೇಶಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ಎಳೆದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ಒಮ್ಮತ ಆಗಲೇ ಇಲ್ಲ. ಬಿಡುಗಡೆ ಮಾಡುವ ಅಧಿಕಾರ ತಮಗಿಲ್ಲವೆಂದು 1954ರ ಜನವರಿಯಲ್ಲಿ ಕೈದಿಗಳನ್ನು ಸೆರೆಹಿಡಿದವರಿಗೇ ಮರಳಿಸಿದರು. ಎರಡೂ ಬಣಗಳಿಗೆ ಅಸಮಾಧಾನ. (ಯೂನಿಯನ್ನು, ಮ್ಯಾನೇಜ್‌ಮೆಂಟು ಎರಡರ ಬೈಗುಳವನ್ನೂ ತಿಂದ ಬ್ಯಾಂಕಿನವರಿಗೆ ಇದು ಬೇಗ ಅರ್ಥವಾದೀತು!)

ಆ ಅನುಭವವನ್ನು 'ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ' ಎಂದು ಬರೆದಿಟ್ಟಿದ್ದರು. 1961ರಲ್ಲಿ ನಿವೃತ್ತರಾದರೂ ಮತ್ತೆ ಕರೆ ಬಂತು. 1965ರಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗಲೇ ಸೈಪ್ರಸ್‌ನಲ್ಲಿ ತೀರಿಕೊಂಡರು. ಪುಸ್ತಕ ಅಚ್ಚಾದದ್ದು 1981ರಲ್ಲಿ.

ಎರಡೂ ಕಡೆ ಬೇಡವೆಂದ 88 ಕೈದಿಗಳು ಮಾತ್ರ ನಮ್ಮ ಸೈನಿಕರ ಜೊತೆಗೇ ಭಾರತಕ್ಕೆ ಹೊರಟರು.