ಸೊನ್ನೆ, ಗೈರು, ಖಾಲಿ ಮನೆ

ನಮ್ಮ ಅಂಕವಹಿಯಲ್ಲಿ ಬರಿದೆಂಬುದು ಮೂರು ಬಗೆ. ಪರೀಕ್ಷೆಗೆ ಕೂತೂ ಏನೂ ಬರೆಯಲಾಗದ ಮಗುವಿಗೆ ಸೊನ್ನೆ. ಬಾರದ ಮಗುವಿಗೆ ಕೆಂಪು ಮಸಿಯಲ್ಲಿ 'ಗೈರು'. ಉತ್ತರಪತ್ರಿಕೆ ತಿದ್ದುವುದು ಬಾಕಿಯಿದ್ದರೆ ಆ ಮನೆ ಹಾಗೇ ಖಾಲಿ. ಮೂವತ್ತು ವರ್ಷ ವಹಿ ಬರೆದವರಿಗೆ ಇದು ಪಾಠವಲ್ಲ, ಕೈಯ ಅಭ್ಯಾಸ.

ಅಂಕಪಟ್ಟಿ ಕಂಪ್ಯೂಟರಿಗೆ ಹೋದ ಮೇಲೆ ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಗಣಿತದ ಕಿರುಪರೀಕ್ಷೆಯಲ್ಲಿ ಸೊನ್ನೆ ಪಡೆದ ಹುಡುಗಿಯೊಬ್ಬಳ ಹೆಸರಿನ ಮುಂದೆ 'ಗೈರು' ಎಂದು ಅಚ್ಚಾಗಿ ಬಂತು. ಸೊನ್ನೆಗೆ ಮನೆಯಲ್ಲಿ ಬೈಗುಳ ಸಿಗುತ್ತದೆ, ನಿಜ. ಆದರೆ ಗೈರೆಂದರೆ ಪ್ರಶ್ನೆಯೇ ಬೇರೆ: ಆ ಹೊತ್ತಿನಲ್ಲಿ ಎಲ್ಲಿದ್ದೆ, ಯಾರ ಜೊತೆಗಿದ್ದೆ? ಹೆಣ್ಣುಮಗುವಿನ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಬೆಂಚಿನ ಮೇಲೆ ಕೂತು ಬೆವರಿದ್ದಕ್ಕೆ ನಾನೇ ಸಾಕ್ಷಿ. ಯಂತ್ರ ಮಾತ್ರ ಒಪ್ಪಲಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಇದರ ಬೇರನ್ನು ತೋರಿಸಿದ. ಆ ಪಟ್ಟಿ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿತ್ತು. ಅದರಲ್ಲಿ 'ಅಂಕ ಇದೆಯೇ, ಇಲ್ಲದಿದ್ದರೆ ಗೈರು ಎಂದು ಹಾಕು' ಎನ್ನಲು ನಡುವೆ ಎರಡು ನಿಲುಗೆರೆ || ಎಳೆಯುತ್ತಾರೆ. ಆ ಗೆರೆಗಳ ಕಣ್ಣಿಗೆ ಸೊನ್ನೆ, ಅಕ್ಷರವಿಲ್ಲದ ಪದ, 'ನಲ್', 'ಅನ್‌ಡಿಫೈನ್ಡ್' ಎಲ್ಲವೂ 'ಇಲ್ಲ'ವೇ. ತಮಾಷೆಯೆಂದರೆ, ಅದೇ ಸೊನ್ನೆಯನ್ನು ಉದ್ಧರಣ ಚಿಹ್ನೆಯೊಳಗೆ ಪದವಾಗಿ ಬರೆದರೆ 'ಇದೆ' ಆಗುತ್ತದೆ! ಒಂದೂ ಹೆಸರಿಲ್ಲದ ಖಾಲಿ ಪಟ್ಟಿಯೂ 'ಇದೆ'ಯೇ.

ನಲ್, ಅನ್‌ಡಿಫೈನ್ಡ್ ಎಂದರೇನು ಎಂದು ನೀವು ಕೇಳಬಹುದು. ಅಡುಗೆಮನೆಗೇ ಬನ್ನಿ. ಸಕ್ಕರೆ ಡಬ್ಬವಿದೆ, ಒಳಗೆ ಏನಿಲ್ಲ: ಅದು ಖಾಲಿ ಪದ. 'ಇಲ್ಲಿ ಏನೂ ಇಡಬೇಡಿ' ಎಂದು ಅತ್ತೆ ಚೀಟಿ ಅಂಟಿಸಿದ ಜಾಗ ನಲ್. ಯಾರೂ ಏನನ್ನೂ ಇಡದ, ಇಡಬೇಕೆಂದು ನೆನಪೂ ಮಾಡಿಕೊಳ್ಳದ ಮೂಲೆ ಅನ್‌ಡಿಫೈನ್ಡ್.

ಈ ನಲ್‌ಗೆ ಹಳೆಯ ಕಥೆಯಿದೆ. ಕೊಲಂಬೊದಲ್ಲಿ 1934ರಲ್ಲಿ ಹುಟ್ಟಿದ ಆಂಗ್ಲ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ಆಲ್ಗೋಲ್ ಡಬ್ಲ್ಯೂ ಎಂಬ ಭಾಷೆಗೆ ಅದನ್ನು ಸೇರಿಸಿದರು. ಸೇರಿಸಲು ಬಹಳ ಸುಲಭವಾಗಿತ್ತು, ಆಸೆ ತಡೆಯಲಾಗಲಿಲ್ಲ ಎಂಬರ್ಥದಲ್ಲಿ 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅವರೇ ಹೇಳಿಕೊಂಡರು. ಅದನ್ನು ನೂರು ಕೋಟಿ ಡಾಲರಿನ ತಪ್ಪು ಎಂದೂ ಕರೆದರು. ದೊಡ್ಡವರು ತಪ್ಪನ್ನು ಹೀಗೆ ಸಭೆಯಲ್ಲಿ ಒಪ್ಪುವುದು ನನಗೆ ಮೆಚ್ಚುಗೆಯಾಯಿತು.

ಮೂವತ್ತು ವರ್ಷ ಕಳೆದು, 1995ರ ಮೇ ತಿಂಗಳಲ್ಲಿ, ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಸಿದ್ಧಪಡಿಸಿದರು. ನೋಡಲು ಅದು ಜಾವಾ ಭಾಷೆಯಂತಿರಬೇಕೆಂದು ಮೇಲಿನವರ ಅಪ್ಪಣೆ. ಹತ್ತು ದಿನದಲ್ಲಿ ನಮ್ಮಲ್ಲಿ ಮದುವೆಯ ಲಗ್ನಪತ್ರಿಕೆಯೂ ಅಚ್ಚಾಗಿ ಬರುವುದಿಲ್ಲ! ಅವಸರದ ಗುರುತು ಉಳಿಯಿತು. 'ನಲ್ ಯಾವ ಜಾತಿಯದು' ಎಂದು ಆ ಭಾಷೆಯನ್ನು ಕೇಳಿದರೆ ಇಂದಿಗೂ 'ವಸ್ತು' ಎನ್ನುತ್ತದೆ. ಒಳಗೆ ವಸ್ತುವಿನ ಗುರುತು ಸೊನ್ನೆಯಾಗಿತ್ತು, ನಲ್ಲಿನ ರೂಪವೂ ಸೊನ್ನೆಗಳೇ. ಆದ್ದರಿಂದ ಈ ಗೊಂದಲ. ಸರಿಪಡಿಸುವ ಸಲಹೆ ಬಂದಿತ್ತು. ಆದರೆ ಹಳೆಯ ಉತ್ತರವನ್ನೇ ನಂಬಿ ಬರೆದ ಪುಟಗಳು ಕೆಡುತ್ತವೆಂದು ಕೈಬಿಟ್ಟರು. ಹಳೆಯ ಮನೆಯ ಓರೆಗೋಡೆಯ ಹಾಗೆ. ಅದಕ್ಕೆ ಆನಿಸಿ ಎಷ್ಟೋ ಕೋಣೆ ಕಟ್ಟಿಯಾಗಿದೆ.

ಜಾಣರು ದಾರಿ ಕಂಡುಕೊಂಡಿದ್ದರು. ಎರಡು ಸಮಚಿಹ್ನೆ ಹಾಕಿ ನಲ್ ಜೊತೆ ಹೋಲಿಸಿದರೆ ನಲ್, ಅನ್‌ಡಿಫೈನ್ಡ್ ಎರಡೂ ಸಿಗುತ್ತವೆ, ಸೊನ್ನೆ ಸಿಗದು. 1999ರ ಆವೃತ್ತಿಯಲ್ಲಿ ಬಂದ ಮೂರು ಸಮಚಿಹ್ನೆ ಇನ್ನೂ ಬಿಗಿ. ಅದು ನಲ್ಲನ್ನೂ ಅನ್‌ಡಿಫೈನ್ಡನ್ನೂ ಬೇರೆ ಬೇರೆ ಮಾಡುತ್ತದೆ. ಆದರೆ 'ಇಲ್ಲದಿದ್ದರೆ ಇದನ್ನು ಹಾಕು' ಎನ್ನುವ ಚಿಕ್ಕ ಬರವಣಿಗೆಗೆ ಆ ನಿಲುಗೆರೆಗಳೇ ರೂಢಿಯಾಗಿ ಉಳಿದವು. ಸೊನ್ನೆಯನ್ನು ಮುಟ್ಟದೆ ನಲ್, ಅನ್‌ಡಿಫೈನ್ಡ್‌ಗಳನ್ನಷ್ಟೇ ಹಿಡಿಯುವ ಹೊಸ ಗುರುತು, ಎರಡು ಪ್ರಶ್ನಾರ್ಥಕ ??, ಆ ಭಾಷೆಗೆ ಅಧಿಕೃತವಾಗಿ ಬಂದದ್ದು 2020ರಲ್ಲಿ. ಇಪ್ಪತ್ತೈದು ವರ್ಷ! ನಮ್ಮ ಕೆಂಪು ಮಸಿಗೆ ಅಷ್ಟು ಕಾಲ ಬೇಕಾಗಿರಲಿಲ್ಲ.

ಹುಡುಗ ನಿಲುಗೆರೆ ಅಳಿಸಿ ಪ್ರಶ್ನಾರ್ಥಕ ಹಾಕಿದ. ಸೊನ್ನೆ ಸೊನ್ನೆಯಾಗಿಯೇ ಬಂತು. ಆ ಹೊಸ ಪಟ್ಟಿಯನ್ನು ಅವಳ ತಾಯಿಯ ಕೈಗೆ ನಾನೇ ಕೊಟ್ಟೆ. ಆಕೆ ಅದನ್ನು ಎರಡು ಸಲ ಓದಿದರು, ಸೊನ್ನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಖಾಲಿ ಪದಕ್ಕೆ ಮಾತ್ರ ಈ ಗುರುತು ಸಾಲದು. ಹೆಸರಿನ ಮನೆಯಲ್ಲಿ ಯಾರೋ ಬರೀ ಜಾಗದ ಕೀಲಿ ಒತ್ತಿದರೆ ಕಂಪ್ಯೂಟರಿಗೆ ಅದೂ ಒಂದು ಹೆಸರೇ. ಮೊದಲು ತುದಿಗಳ ಜಾಗವನ್ನು ಕತ್ತರಿಸಬೇಕು, ಆಮೇಲೆ ಏನಾದರೂ ಉಳಿಯಿತೇ ಎಂದು ನೋಡಬೇಕು. ಕತ್ತರಿಸುವ ಆ ಸೌಕರ್ಯ, 'ಟ್ರಿಮ್', 2009ರ ಆವೃತ್ತಿಯಲ್ಲಿ ಸೇರಿತು. ನಮ್ಮ ಪಟ್ಟಿಗೆ ಅದನ್ನೂ ಹಾಕಿಸಿದ್ದೇನೆ.